ಹೆಸರಿಲ್ಲದ ನೀರು

ಸೂರತ್ತಿನಲ್ಲಿ ತಾಪಿ ನದಿಯ ಬಲದಂಡೆಯ ಮೇಲಿದೆ ಅಡಾಜಣ್. ಸಮುದ್ರ ಅಲ್ಲಿಂದ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರ ಭರತ ಇಳಿತ ನದಿಯೊಳಗೆ ಅಲ್ಲಿಯವರೆಗೂ ಬರುತ್ತದೆ. ಆ ಬಡಾವಣೆಯಲ್ಲಿ ನೆಲೆಸಿದ ಇಬ್ಬರು ಕನ್ನಡಿಗರ ನಡುವಿನ ಮಾತು ಇದು. ಒಬ್ಬಳು ಹವಾಮಾನದ ಅಂಕಿಅಂಶಗಳನ್ನು ಶ್ರದ್ಧೆಯಿಂದ ಓದುವ ಕಿರಿಯಳು, ಇನ್ನೊಬ್ಬರು ನದಿಯ ಲೆಕ್ಕ ಬಲ್ಲ ಹಿರಿಯರು.

ಕಿರಿಯಳು: ಕಾಕಾ, ಅರಬ್ಬಿ ಸಮುದ್ರದ ಮಟ್ಟಿಗೆ ಇತ್ತೀಚಿನ ಅತಿ ಕೆಟ್ಟ ವರ್ಷ ಯಾವುದು ಎಂದರೆ ನಾನು 2019 ಎನ್ನುತ್ತೇನೆ. ಆ ವರ್ಷ ಈ ಸಮುದ್ರದಲ್ಲಿ ಐದು ಚಂಡಮಾರುತಗಳು ಎದ್ದವು. ಜೂನಿನಲ್ಲಿ ವಾಯು, ಸೆಪ್ಟೆಂಬರಿನಲ್ಲಿ ಹಿಕಾ, ಅಕ್ಟೋಬರಿನಲ್ಲಿ ಕ್ಯಾರ್, ಅದು ಅಡಗುವ ಮೊದಲೇ ಮಹಾ, ಡಿಸೆಂಬರಿನಲ್ಲಿ ಪವನ್. ಇಲ್ಲಿ ವಾಡಿಕೆ ವರ್ಷಕ್ಕೆ ಒಂದು. ಐದು ಎಂಬ ಸಂಖ್ಯೆಗೆ ಸಾಟಿಯಾಗಿ ಹವಾಮಾನ ಇಲಾಖೆಯ ದಾಖಲೆಯಲ್ಲಿ ಇರುವುದು 1902 ಮಾತ್ರ. ಕ್ಯಾರ್ ಅಂತೂ ಸೂಪರ್ ಸೈಕ್ಲೋನ್ ಆಯಿತು, 2007ರ ಗೋನು ನಂತರ ಈ ಸಮುದ್ರ ಅಷ್ಟು ಬಲದ ಗಾಳಿ ಕಂಡಿರಲಿಲ್ಲ. ಕ್ಯಾರ್ ಮತ್ತು ಮಹಾ ಒಂದೇ ಸಮಯದಲ್ಲಿ ಒಂದೇ ಸಮುದ್ರದ ಮೇಲೆ ಸುತ್ತುತ್ತಿದ್ದವು. ಬಂಗಾಳ ಕೊಲ್ಲಿಯಲ್ಲಿ ನಾಲ್ಕು ಎದ್ದರೆ ಇಲ್ಲಿ ಒಂದು ಏಳುತ್ತದೆ ಎಂದು ಶಾಲೆಯಲ್ಲಿ ಓದಿದ ಲೆಕ್ಕ ಆ ವರ್ಷ ತಲೆಕೆಳಗಾಯಿತು. ಗುಜರಾತಿನ ಕರಾವಳಿಯ ಊರುಗಳು ಇನ್ನು ಮುಂದೆ ಹೆದರಬೇಕಾದ ವರ್ಷ ಹೇಗಿರುತ್ತದೆ ಎಂಬುದಕ್ಕೆ 2019 ಮಾದರಿ ಅಲ್ಲವೇ?

ಹಿರಿಯರು: ನೀನು ಹೇಳಿದ್ದರಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ಆದರೆ ಆ ಐದೂ ಎಲ್ಲಿ ಹೋಗಿ ಮುಗಿದವು ಎಂಬುದನ್ನೂ ಪಕ್ಕದಲ್ಲಿ ಬರೆದುಕೋ. ಹಿಕಾ ಒಮಾನಿನ ದಡ ಸೇರಿತು. ಕ್ಯಾರ್ ಒಮಾನಿನತ್ತ ನಡೆದು, ದಕ್ಷಿಣಕ್ಕೆ ತಿರುಗಿ, ಯಾವ ನೆಲಕ್ಕೂ ಬಡಿಯದೆ ಸಮುದ್ರದಲ್ಲೇ ಕರಗಿತು. ಪವನ್ ಸೊಮಾಲಿಯಾಕ್ಕೆ ಹೋಯಿತು. ವಾಯು ವೆರಾವಳದ ಹತ್ತಿರ ಬಂದು ದಿಕ್ಕು ಬದಲಿಸಿತು, ದಿನಗಳ ನಂತರ ಬಲಗುಂದಿ ಕಚ್ಛದ ಕಡೆ ಸರಿಯಿತು. ಮಹಾ ಗುಜರಾತಿನ ದಡ ಮುಟ್ಟುವ ಮೊದಲೇ ಸತ್ತಿತು. ಐದರಲ್ಲಿ ಒಂದೂ ಈ ರಾಜ್ಯದ ನೆಲಕ್ಕೆ ಚಂಡಮಾರುತವಾಗಿ ಬಡಿಯಲಿಲ್ಲ. ಅದೇ 2019ರ ಆಗಸ್ಟಿನಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಊರಿಗೆ ಊರನ್ನೇ ಮುಳುಗಿಸಿದವು. ಆ ವಾರ ಬಂಗಾಳ ಕೊಲ್ಲಿಯಿಂದ ಒಡಿಶಾ ದಾಟಿ ಒಂದು ತೀವ್ರ ವಾಯುಭಾರ ಕುಸಿತ ಪಶ್ಚಿಮಕ್ಕೆ ನಡೆದಿತ್ತು, ಅರಬ್ಬಿ ಸಮುದ್ರದ ಮಳೆಗಾಳಿ ಅದರ ಸೆಳೆತಕ್ಕೆ ಸಿಕ್ಕಿ ಘಟ್ಟದ ಮೇಲೆ ಸುರಿಯಿತು. ಆ ಕುಸಿತಕ್ಕೆ ಹೆಸರಿರಲಿಲ್ಲ. ನೀನು ಕೊಟ್ಟ ಐದು ಹೆಸರುಗಳ ಪಟ್ಟಿಯಲ್ಲಿ ಅದು ಸೇರುವುದೂ ಇಲ್ಲ. ಋತುವಿನ ಅಳತೆಗೋಲಿನಲ್ಲೇ ದೋಷವಿದೆ ಎಂಬುದು ನನ್ನ ವಾದ. ನಾವು ಗಾಳಿಯನ್ನು ಎಣಿಸುತ್ತಿದ್ದೇವೆ, ನಮ್ಮನ್ನು ಮುಳುಗಿಸುತ್ತಿರುವುದು ನೀರು.

ಕಿರಿಯಳು: ಅಳತೆಗೋಲು ಯಾರೋ ಮನಸ್ಸಿಗೆ ಬಂದಂತೆ ಮಾಡಿದ್ದಲ್ಲವಲ್ಲ. ಗಾಳಿಯ ವೇಗ ಗಂಟೆಗೆ 31 ಕಿ.ಮೀ. ದಾಟಿದರೆ ವಾಯುಭಾರ ಕುಸಿತ, 50 ದಾಟಿದರೆ ತೀವ್ರ ಕುಸಿತ, 62 ಮುಟ್ಟಿದರೆ ಚಂಡಮಾರುತ ಮತ್ತು ಒಂದು ಹೆಸರು, 118ಕ್ಕೆ ಅತಿ ತೀವ್ರ, 221 ಮೀರಿದರೆ ಸೂಪರ್ ಸೈಕ್ಲೋನ್. ಗಾಳಿ ಹೆಚ್ಚಿದಷ್ಟೂ ಅಲೆ ಎತ್ತರ, ಅಲೆ ಎತ್ತರವಾದಷ್ಟೂ ಸಾವು ಹೆಚ್ಚು. ಈ ಏಣಿಯ ಮೇಲಿನ ಮೆಟ್ಟಿಲಿಗೆ ಹೆಚ್ಚು ಹೆದರುವುದು ನ್ಯಾಯವೇ ತಾನೇ?

ಹಿರಿಯರು: ಹಡಗಿನವನಿಗೆ ನ್ಯಾಯ, ದಡದ ಮೀನುಗಾರನಿಗೆ ನ್ಯಾಯ. ಈ ಏಣಿ ಹುಟ್ಟಿದ್ದೇ ಅವರಿಗಾಗಿ. 1888ರ ನವೆಂಬರಿನಲ್ಲಿ ಮಾಂಡವಿಯಿಂದ ಮುಂಬಯಿಗೆ ಹೊರಟ ವೈತರಣಾ ಎಂಬ ಹಡಗು ಸೌರಾಷ್ಟ್ರದ ದಡದಾಚೆ ಬಿರುಗಾಳಿಗೆ ಸಿಕ್ಕಿ ಏಳುನೂರಕ್ಕೂ ಹೆಚ್ಚು ಜನರೊಂದಿಗೆ ಕಾಣೆಯಾಯಿತು. ವಿದ್ಯುದ್ದೀಪಗಳಿದ್ದ ಆ ಹಡಗನ್ನು ಇಲ್ಲಿನ ಜನ ವೀಜಳಿ ಎಂದು ಕರೆಯುತ್ತಿದ್ದರು, ಗುಜರಾತಿಗಳು ಅದರ ಕಥೆಯನ್ನು ಈಗಲೂ ಹೇಳುತ್ತಾರೆ. ಅಂಥ ಹಡಗಿಗೆ ಗಾಳಿಯ ವೇಗ ಗೊತ್ತಾದರೆ ಬದುಕು. ಆದರೆ ಅಡಾಜಣ್‌ನಲ್ಲಿ ಏಳು ಮಹಡಿಯ ಸೊಸೈಟಿಯಲ್ಲಿ ಕೂತವನಿಗೆ 62ನೇ ಕಿಲೋಮೀಟರಿನಲ್ಲಿ ಏನೂ ಬದಲಾಗುವುದಿಲ್ಲ. 40 ಕಿ.ಮೀ. ಗಾಳಿಯ ಕುಸಿತವೊಂದು ತಾಪಿಯ ಮೇಲ್ಕಣಿವೆಯ ಮೇಲೆ ಎರಡು ದಿನ ನಿಂತರೆ ಅವನ ನೆಲಮಹಡಿ ಹೋಗುತ್ತದೆ. 180 ಕಿ.ಮೀ. ಗಾಳಿಯ ಚಂಡಮಾರುತ ಮುನ್ನೂರು ಕಿ.ಮೀ. ದೂರದಲ್ಲಿ ಹಾದುಹೋದರೆ ಮರ ಬೀಳುತ್ತದೆ, ಕರೆಂಟು ಹೋಗುತ್ತದೆ, ಮೂರನೆಯ ದಿನ ಅಂಗಡಿ ತೆರೆಯುತ್ತದೆ. ಗಾಳಿಯ ಏಣಿಯಲ್ಲಿ ಮಳೆಗೆ ಮೆಟ್ಟಿಲಿಲ್ಲ. ನದಿಗೂ ಇಲ್ಲ, ಭರತಕ್ಕೂ ಇಲ್ಲ.

ಕಿರಿಯಳು: 2006ನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾತಾಡುತ್ತಿದ್ದೀರಿ ಎಂದು ಕಾಣುತ್ತದೆ.

ಹಿರಿಯರು: ಸೂರತ್ತಿನ ಬಗ್ಗೆ ಮಾತಾಡುವವರು ಬೇರೆ ಯಾವುದನ್ನು ಇಟ್ಟುಕೊಳ್ಳಲು ಸಾಧ್ಯ? ತಾಪಿ ಮಧ್ಯಪ್ರದೇಶದ ಮುಲ್ತಾಯಿಯಲ್ಲಿ ಹುಟ್ಟಿ, ಖಾನದೇಶ ದಾಟಿ, 724 ಕಿ.ಮೀ. ಪಶ್ಚಿಮಕ್ಕೆ ಹರಿದು ಇಲ್ಲಿ ಖಂಭಾತ್ ಕೊಲ್ಲಿ ಸೇರುತ್ತದೆ. ಅದರ ಜಲಾನಯನ ಸುಮಾರು 65 ಸಾವಿರ ಚದರ ಕಿ.ಮೀ., ಅದರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಪಾಲು ಉಕಾಯಿ ಅಣೆಕಟ್ಟಿನ ಮೇಲ್ಗಡೆ ಇದೆ. 2006ರ ಆಗಸ್ಟ್ ಮೊದಲ ವಾರ ಬಂಗಾಳ ಕೊಲ್ಲಿಯ ಕುಸಿತವೊಂದು ಒಡಿಶಾ ದಾಟಿ ಮಧ್ಯಭಾರತದ ಮೇಲೆ ಪಶ್ಚಿಮಕ್ಕೆ ನಡೆಯಿತು. ಮಳೆಗಾಲದ ಕುಸಿತಗಳಲ್ಲಿ ಅತಿ ಹೆಚ್ಚು ಮಳೆ ಸುರಿಯುವುದು ಅದರ ನೈಋತ್ಯ ಭಾಗದಲ್ಲಿ. ಹಾಗಾಗಿ ಕುಸಿತದ ಕೇಂದ್ರ ಭೋಪಾಲದ ಕಡೆ ಇದ್ದರೂ ನೀರು ಬೀಳುವುದು ತಾಪಿಯ ಕಣಿವೆಯಲ್ಲಿ. ಇಲ್ಲಿ ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ನಮ್ಮ ಕೃಷ್ಣೆ, ಗೋದಾವರಿಗಳು ಪೂರ್ವಕ್ಕೆ ಹರಿಯುತ್ತವೆ, ಕುಸಿತ ಪಶ್ಚಿಮಕ್ಕೆ ನಡೆಯುತ್ತದೆ, ಮಳೆ ನದಿಯ ಎದುರು ದಿಕ್ಕಿಗೆ ಹೋಗುತ್ತದೆ. ತಾಪಿ, ನರ್ಮದೆಗಳು ಹರಿಯುವುದೇ ಪಶ್ಚಿಮಕ್ಕೆ. ಮೇಲೆ ಬಿದ್ದ ನೀರು ಕೆಳಗೆ ಬರುವ ಹೊತ್ತಿಗೆ ಮಳೆಯೂ ಅದರ ಜೊತೆಗೇ ಕೆಳಗೆ ಬಂದಿರುತ್ತದೆ. ಉಪನದಿಗಳ ನೆರೆ ಒಂದರ ಮೇಲೊಂದು ಕೂಡಿಕೊಳ್ಳುತ್ತದೆ. ಆ ವಾರ ಉಕಾಯಿಯಿಂದ 9 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಡಬೇಕಾಯಿತು. ಆಗಸ್ಟ್ 7ರಿಂದ ಮುಂದಿನ ದಿನಗಳಲ್ಲಿ ಊರಿನ ಬಹುಪಾಲು ನೀರಿನಲ್ಲಿತ್ತು. ಅಡಾಜಣ್, ರಾಂದೇರ್‌ಗಳ ನೆಲಮಹಡಿಗಳು ಮುಳುಗಿದವು. ಆ ಕುಸಿತದ ಹೆಸರು ಏನು ಎಂದು ಕೇಳು, ಯಾರೂ ಹೇಳಲಾರರು, ಏಕೆಂದರೆ ಇಡಲೇ ಇಲ್ಲ. ಓಖಿ ಚಂಡಮಾರುತ ಎಂದರೆ ಮಾತ್ರ ಇಲ್ಲಿ ಎಲ್ಲರಿಗೂ ಗೊತ್ತು. 2017ರ ಡಿಸೆಂಬರಿನಲ್ಲಿ, ಚುನಾವಣೆಯ ಪ್ರಚಾರ ಸಭೆಗಳನ್ನೇ ರದ್ದು ಮಾಡಿಸಿದ ಓಖಿ, ಸೂರತ್ ಮತ್ತು ಡಹಾಣು ನಡುವೆ ದಡ ದಾಟುವ ಹೊತ್ತಿಗೆ ಬರೀ ಕಡಿಮೆ ಒತ್ತಡದ ಪ್ರದೇಶವಾಗಿತ್ತು.

ಕಿರಿಯಳು: ಇಲ್ಲಿ ನಾನು ಒಪ್ಪುವುದಿಲ್ಲ ಕಾಕಾ. 2006ರದು ಹವಾಮಾನದ ತಪ್ಪಲ್ಲ, ಅಣೆಕಟ್ಟಿನ ನಿರ್ವಹಣೆಯ ತಪ್ಪು ಎಂದು ಆಗಲೇ ಬೇಕಾದಷ್ಟು ಜನ ವಾದಿಸಿದ್ದಾರೆ. ನೀರಾವರಿಗೆ, ವಿದ್ಯುತ್ತಿಗೆ ಎಂದು ಆಗಸ್ಟಿನ ಆರಂಭಕ್ಕೇ ಜಲಾಶಯ ತುಂಬಿಸಿಟ್ಟರು, ಮೊದಲೇ ಸ್ವಲ್ಪ ಸ್ವಲ್ಪ ಬಿಟ್ಟಿದ್ದರೆ ಒಮ್ಮೆಗೇ ಅಷ್ಟು ಬಿಡುವ ಗತಿ ಬರುತ್ತಿರಲಿಲ್ಲ. ಅದನ್ನು ಚಂಡಮಾರುತ ಋತುವಿನ ಖಾತೆಗೆ ಬರೆಯುವುದು ಹೇಗೆ ಸರಿ? ಇದು ಒಂದು. ಇನ್ನೊಂದು, ಬಂಗಾಳ ಕೊಲ್ಲಿಯ ಮಳೆಗಾಲದ ಕುಸಿತವನ್ನು ಅರಬ್ಬಿ ಸಮುದ್ರದ ಚಂಡಮಾರುತದೊಂದಿಗೆ ಒಂದೇ ಗಂಟಿನಲ್ಲಿ ಕಟ್ಟುತ್ತಿದ್ದೀರಿ. ಎರಡರ ಹುಟ್ಟೇ ಬೇರೆ. ಮುಂಗಾರು ನೆಲೆಗೊಂಡ ಜುಲೈ, ಆಗಸ್ಟಿನಲ್ಲಿ ಕೆಳಗಿನ ಗಾಳಿ ಪಶ್ಚಿಮದಿಂದ, ಮೇಲಿನ ಗಾಳಿ ಪೂರ್ವದಿಂದ ಬೀಸುತ್ತದೆ. ಮೋಡದ ಗೋಪುರ ನೆಟ್ಟಗೆ ನಿಲ್ಲದೆ ಮುರಿದುಬೀಳುತ್ತದೆ. ಅದಕ್ಕೇ ಚಂಡಮಾರುತಗಳು ಮುಂಗಾರಿನ ಹಿಂದೆ ಮುಂದೆ, ಏಪ್ರಿಲಿನಿಂದ ಜೂನ್ ಮತ್ತು ಅಕ್ಟೋಬರಿನಿಂದ ಡಿಸೆಂಬರ್, ಹೀಗೆ ಎರಡು ಕಂತಿನಲ್ಲಿ ಬರುತ್ತವೆ. ವಿಜ್ಞಾನಿಗಳು ಬೇರೆ ಎಂದಿದ್ದನ್ನು ನೀವು ಒಂದು ಮಾಡುತ್ತೀರಿ.

ಹಿರಿಯರು: ಎರಡೂ ಗಟ್ಟಿ ಆಕ್ಷೇಪಗಳೇ. ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಅದಕ್ಕೆ ವಡೋದರಾಕ್ಕೆ ಹೋಗಬೇಕು. 2024ರ ಆಗಸ್ಟ್ ಕೊನೆಯ ವಾರ ಮಧ್ಯಪ್ರದೇಶದ ಮೇಲೆ ಇದ್ದ ಕುಸಿತವೊಂದು ತೀವ್ರಗೊಂಡು, ರಾಜಸ್ಥಾನದ ಅಂಚು ಸವರಿ, ಗುಜರಾತಿನ ಮೇಲೆ ನಿಧಾನವಾಗಿ ನಡೆಯಿತು. ವಡೋದರಾದಲ್ಲಿ ವಿಶ್ವಾಮಿತ್ರಿ ನದಿಯ ಅಪಾಯದ ಮಟ್ಟ 25 ಅಡಿ, ಆ ವಾರ ಅದು 35 ಅಡಿಯನ್ನೂ ಮೀರಿತು. ಮೇಲೆ ಆಜ್ವಾ ಜಲಾಶಯ ತುಂಬಿತ್ತು, ಕೆಳಗೆ ನದಿಯ ಪಾತ್ರ ಕಟ್ಟಡಗಳ ನಡುವೆ ಇಕ್ಕಟ್ಟಾಗಿತ್ತು. ಊರು ದಿನಗಟ್ಟಲೆ ನೀರಿನಲ್ಲಿ ನಿಂತಿತು, ಮೊಸಳೆಗಳು ಬೀದಿಗೆ ಬಂದವು. ಇಷ್ಟೆಲ್ಲ ಆಗುವಾಗ ಅದಕ್ಕೆ ಹೆಸರಿಲ್ಲ. ಆಗಸ್ಟ್ 30ರಂದು ಅದು ಕಚ್ಛ ದಾಟಿ ಸಮುದ್ರಕ್ಕೆ ಇಳಿಯುತ್ತಿರುವಾಗ ಗಾಳಿ 62 ಮುಟ್ಟಿತು, ಆಗ ಅಸ್ನಾ ಎಂಬ ಹೆಸರು ಬಂತು. ಆಗಸ್ಟಿನಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದದ್ದು 1976ರ ನಂತರ ಅದೇ ಮೊದಲು. ದೇಶವೆಲ್ಲ ಅಸ್ನಾ ಬಗ್ಗೆ ಮಾತಾಡಿತು. ಅದು ಪಶ್ಚಿಮಕ್ಕೆ ಸಾಗಿ ಯಾರಿಗೂ ತೊಂದರೆ ಕೊಡದೆ ಸಮುದ್ರದಲ್ಲೇ ಅಡಗಿತು. ಈಗ ನೀನೇ ಹೇಳು, 2024ರ ಋತುವಿನ ಪಟ್ಟಿಯಲ್ಲಿ ಅಸ್ನಾ ಎದುರಿಗೆ ಏನೆಂದು ಬರೆಯಬೇಕು? ಹೆಸರು ಬಂದ ದಿನದಿಂದ ಲೆಕ್ಕ ಹಾಕಿದರೆ ಅದು ನಿರುಪದ್ರವಿ. ಹುಟ್ಟಿದ ದಿನದಿಂದ ಲೆಕ್ಕ ಹಾಕಿದರೆ ವಡೋದರಾವನ್ನು ಮುಳುಗಿಸಿದ್ದು ಅದೇ. ನಾನು ಬೇರೆ ಬೇರೆಯದನ್ನು ಒಂದು ಗಂಟಿನಲ್ಲಿ ಕಟ್ಟುತ್ತಿಲ್ಲ. ಒಂದೇ ಸುಳಿ ಒಂದು ದಿನ ಕುಸಿತ, ಮರುದಿನ ಚಂಡಮಾರುತ. ಗೆರೆ ಎಳೆದವರು ನಾವು.

ಕಿರಿಯಳು: ಅದು ಅಪರೂಪದ ಪ್ರಸಂಗ. ಐವತ್ತು ವರ್ಷಕ್ಕೊಮ್ಮೆ ಆದದ್ದನ್ನು ನಿಯಮ ಮಾಡಲಾದೀತೇ?

ಹಿರಿಯರು: ಆಗಸ್ಟಿನಲ್ಲಿ ಹೆಸರು ಬಂದದ್ದು ಅಪರೂಪ, ಗಡಿ ದಾಟಿದ್ದಲ್ಲ. 2021ರ ಸೆಪ್ಟೆಂಬರಿನಲ್ಲಿ ಗುಲಾಬ್ ಆಂಧ್ರದ ದಡಕ್ಕೆ ಬಡಿದು, ದೇಶದ ಅಡ್ಡಗಲ ದಾಟಿ, ಗುಜರಾತಿನ ಮೇಲೆ ಹಾದು ಅರಬ್ಬಿ ಸಮುದ್ರಕ್ಕೆ ಇಳಿದು ಶಾಹೀನ್ ಎಂಬ ಹೊಸ ಹೆಸರಿನಲ್ಲಿ ಒಮಾನಿಗೆ ಹೋಯಿತು. ಬಿಪೊರ್‌ಜಾಯ್ 2023ರ ಜೂನ್ 15ರಂದು ಜಖೌ ಬಳಿ ದಡ ದಾಟಿತು, ಅಲ್ಲಿಗೆ ಸುದ್ದಿ ಮುಗಿಯಿತು ಎಂದುಕೊಂಡೆವು. ಅದರ ನೀರು ಸುರಿದದ್ದು ಅದಾದ ಮೇಲೆ, ರಾಜಸ್ಥಾನದ ಜಾಲೋರ್, ಬಾಡಮೇರ್‌ಗಳ ಮರಳಿನ ಮೇಲೆ. ನಮ್ಮ ರಾಯಚೂರು, ಬಿಜಾಪುರ, ಬಾಗಲಕೋಟೆಯವರಿಗೆ 2009ರ ಅಕ್ಟೋಬರನ್ನು ನೆನಪಿಸಬೇಕಾಗಿಲ್ಲ. ಬರ ಎಂದು ಕೂತಿದ್ದ ಜಿಲ್ಲೆಗಳ ಮೇಲೆ ಬಂಗಾಳ ಕೊಲ್ಲಿಯ ಕಡಿಮೆ ಒತ್ತಡದ ಸುಳಿ ಬಂದು ಕೆಲವೇ ದಿನಗಳಲ್ಲಿ ಊರುಗಳನ್ನು ಕೊಚ್ಚಿಹಾಕಿತು, ಮಂತ್ರಾಲಯ ಮುಳುಗಿತು, ಕರ್ನೂಲು ಮುಳುಗಿತು. ಆ ವರ್ಷದ ಚಂಡಮಾರುತಗಳ ಪಟ್ಟಿ ತೆಗೆದು ನೋಡು, ಅದು ಸಿಗುವುದಿಲ್ಲ.

ಇನ್ನು ನಿನ್ನ ಮೊದಲ ಆಕ್ಷೇಪ, ಅಣೆಕಟ್ಟು. ನಿರ್ವಹಣೆಯ ಪ್ರಶ್ನೆ ಇದೆ, ಅದನ್ನು ಕೇಳಲೇಬೇಕು. ಆದರೆ ಆ ಪ್ರಶ್ನೆಯೇ ನನ್ನ ವಾದವನ್ನು ಗಟ್ಟಿ ಮಾಡುತ್ತದೆ. ಜಲಾಶಯದ ಬಾಗಿಲು ತೆಗೆಯುವ ಅಧಿಕಾರಿಗೆ ಗಾಳಿಯ ವೇಗ ಬೇಡ. ಇನ್ನು ಮೂರು ದಿನದಲ್ಲಿ ಬುರ್ಹಾನ್‌ಪುರ, ಭುಸಾವಳಗಳ ಮೇಲ್ಗಡೆ ಎಷ್ಟು ಮಳೆ ಬೀಳುತ್ತದೆ, ಅದರಲ್ಲಿ ಎಷ್ಟು ಯಾವ ಹೊತ್ತಿಗೆ ಉಕಾಯಿ ಸೇರುತ್ತದೆ ಎಂಬುದು ಬೇಕು. ಆ ಮಾಹಿತಿ ಗಟ್ಟಿಯಾಗಿ, ಮುಂಚಿತವಾಗಿ, ಊರಿನ ಜನರ ಮುಂದೆಯೇ ಬಂದರೆ ಬಾಗಿಲು ತಡವಾಗಿ ತೆಗೆದವನನ್ನು ಕೇಳುವವರಿರುತ್ತಾರೆ. ಚಂಡಮಾರುತ ಬಂದಾಗ ಇಡೀ ಆಡಳಿತ ಎಚ್ಚರವಾಗುವುದು ಎಲ್ಲರೂ ನೋಡುತ್ತಿದ್ದಾರೆ ಎಂಬ ಕಾರಣಕ್ಕೂ ಹೌದು. ಹೆಸರಿಲ್ಲದ ಕುಸಿತವನ್ನು ಯಾರೂ ನೋಡುತ್ತಿರುವುದಿಲ್ಲ.

ಕಿರಿಯಳು: 1968ರಲ್ಲಿ ಇನ್ನೂ ದೊಡ್ಡ ನೆರೆ ಬಂದಿತ್ತು ಎನ್ನುತ್ತಾರೆ. ಆಗ ಅಣೆಕಟ್ಟೇ ಇರಲಿಲ್ಲ.

ಹಿರಿಯರು: ಸೂರತಿಗಳು ಅದನ್ನು ಅಡ್ಸಠದ ರೇಲ್, ಅಂದರೆ ಅರವತ್ತೆಂಟರ ನೆರೆ, ಎಂದು ನೆನೆಯುತ್ತಾರೆ. ಆಗ ಬಂದದ್ದು 15 ಲಕ್ಷ ಕ್ಯೂಸೆಕ್. ಉಕಾಯಿ ಮುಗಿದದ್ದು 1972ರಲ್ಲಿ. 2006ರಲ್ಲಿ ಬಂದ ನೀರು ಅದಕ್ಕಿಂತ ಬಹಳ ಕಡಿಮೆ, ಆದರೂ ಹೋಪ್ ಸೇತುವೆಯ ಬಳಿ ನೀರಿನ ಮಟ್ಟ 1968ರದಕ್ಕೆ ಸರಿಗಟ್ಟಿತು. ಆ ಸೇತುವೆಯ ಬಳಿ ಅಪಾಯದ ಗುರುತು 9.5 ಮೀಟರ್, ನೀರು ಅದನ್ನು ಬಹಳ ಮೀರಿತ್ತು. ಕಡಿಮೆ ನೀರು ಅದೇ ಎತ್ತರ ಏರಲು ನದಿಯ ಜಾಗ ಕಡಿಮೆಯಾಗಿರಬೇಕು. 1968ರಲ್ಲಿ ಅಡಾಜಣ್ ಹೊಲಗಳ ನಡುವಿನ ಹಳ್ಳಿ, ನೆರೆ ಬಂದರೆ ಹೊಲದ ಮೇಲೆ ಹರಡುತ್ತಿತ್ತು. ಅಣೆಕಟ್ಟು ಬಂದ ಮೇಲೆ ಇನ್ನು ನೆರೆ ಇಲ್ಲ ಎಂಬ ಭರವಸೆ ಹುಟ್ಟಿತು, ಆ ಭರವಸೆಯ ಮೇಲೆ ದಂಡೆಯವರೆಗೂ ಮನೆಗಳು ಬಂದವು. ಇದರ ಜೊತೆ ಸಮುದ್ರವನ್ನೂ ಸೇರಿಸು. ಖಂಭಾತ್ ಕೊಲ್ಲಿ ಬಾಯಗಲದ, ಒಳಗೆ ಹೋದಂತೆ ಕಿರಿದಾಗುವ ಕೊಲ್ಲಿ. ಲಾಳಿಕೆಯಲ್ಲಿ ನೀರು ಏರುವಂತೆ ಭರತ ಒಳಗೊಳಗೆ ಏರುತ್ತದೆ, ಭಾವನಗರದ ಬಳಿ ಏರಿಳಿತ ಹತ್ತು ಮೀಟರ್ ಮುಟ್ಟುತ್ತದೆ, ಜಗತ್ತಿನಲ್ಲೇ ದೊಡ್ಡ ಭರತಗಳಲ್ಲಿ ಅದೊಂದು. ಹಜೀರಾ, ಡುಮಸ್ ಕಡೆ ಅಷ್ಟಿಲ್ಲದಿದ್ದರೂ ತಾಪಿಯ ಬಾಯಿ ಮುಚ್ಚಿಹಿಡಿಯಲು ಸಾಕು. 2006ರ ಆಗಸ್ಟ್ 9 ಯಾವ ದಿನ ಗೊತ್ತೇ? ನೂಲ ಹುಣ್ಣಿಮೆ. ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಅತಿ ಎತ್ತರ. ಮೇಲಿನಿಂದ 9 ಲಕ್ಷ ಕ್ಯೂಸೆಕ್ ಬರುವಾಗ ಕೆಳಗಿನಿಂದ ಸಮುದ್ರ ದಿನಕ್ಕೆರಡು ಬಾರಿ ಎದುರು ನಿಂತಿತ್ತು. ಈ ಮೂರೂ, ಅಂದರೆ ಕಣಿವೆಯ ಮಳೆ, ಅಣೆಕಟ್ಟಿನ ಬಾಗಿಲು, ಹುಣ್ಣಿಮೆಯ ಭರತ, ಒಂದೇ ದಿನ ಕೂಡಿದ್ದೇ ಆ ದುರಂತ. ಮೂರರಲ್ಲಿ ಒಂದನ್ನೂ ಚಂಡಮಾರುತದ ಏಣಿ ಅಳೆಯುವುದಿಲ್ಲ. ಹುಣ್ಣಿಮೆ ಅಮಾವಾಸ್ಯೆಯನ್ನಂತೂ ಪಂಚಾಂಗ ನೋಡಿ ವರ್ಷ ಮೊದಲೇ ಹೇಳಬಹುದು.

ಕಿರಿಯಳು: ಆದರೂ ನನಗೆ ಒಂದು ಭಯವಿದೆ. ನೀವು ಹೀಗೆ ವಾದಿಸಿದರೆ ಕೇಳಿದವರು ಚಂಡಮಾರುತವನ್ನೇ ಹಗುರವಾಗಿ ತೆಗೆದುಕೊಳ್ಳುತ್ತಾರೆ. 1998ರ ಜೂನ್ 9ರಂದು ಕಾಂಡ್ಲಾದಲ್ಲಿ ಏನಾಯಿತು? ಪೋರಬಂದರದ ಹತ್ತಿರ ದಡ ದಾಟಿದ ಚಂಡಮಾರುತ ಕಚ್ಛ ಕೊಲ್ಲಿಯ ನೀರನ್ನು ಬಂದರಿನ ಮೇಲೆ ತಳ್ಳಿತು. ಉಪ್ಪಿನ ಗದ್ದೆಯ ಕೂಲಿಗಳು, ಬಂದರಿನ ಕೆಲಸಗಾರರು, ಸರ್ಕಾರಿ ಲೆಕ್ಕದಲ್ಲೇ ಸಾವಿರಕ್ಕೂ ಹೆಚ್ಚು ಜನ ಸತ್ತರು. ಎಷ್ಟೋ ಜನರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. 2021ರ ಮೇ 17ರ ರಾತ್ರಿ ತೌಕ್ತೆ ಊನಾ ಬಳಿ ಬಡಿದಾಗ ಗೀರ್‌ನ ಕೇಸರ್ ಮಾವಿನ ತೋಟಗಳು ನೆಲಕಚ್ಚಿದವು. ಮುಂಬಯಿಯಾಚೆ ಪಿ-305 ಎಂಬ ಬಾರ್ಜು, ಜೊತೆಗೆ ಒಂದು ಟಗ್ಗು ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಜನ ಹೋದರು. ಅದಕ್ಕೆ ಮುಂಚೆ ಅದೇ ತೌಕ್ತೆ ಉಳ್ಳಾಲ, ಸೋಮೇಶ್ವರದ ದಡವನ್ನು ಕೊರೆದು ಬಂದಿತ್ತು. ಓಖಿ ಸೂರತ್ತಿಗೆ ಬರುವಾಗ ಸತ್ತಿತ್ತು ಎಂದಿರಿ, ಸರಿ. ಆದರೆ ಕೇರಳ, ತಮಿಳುನಾಡಿನ ಇನ್ನೂರಕ್ಕೂ ಹೆಚ್ಚು ಮೀನುಗಾರರನ್ನು ಕೊಂದ ಮೇಲೆ ಅದು ಸತ್ತಿತು. ಗಾಳಿ ಕೊಲ್ಲುವುದಿಲ್ಲ ಎನ್ನಬೇಡಿ.

ಹಿರಿಯರು: ಎನ್ನುವುದಿಲ್ಲ. ಎಂದೂ ಎನ್ನಬಾರದು. ಕಾಂಡ್ಲಾದ ಆ ಉಪ್ಪಿನ ಕೂಲಿಗಳ ಮಾತು ತೆಗೆದದ್ದು ಒಳ್ಳೆಯದಾಯಿತು. ಆದರೆ ಅವರನ್ನು ಕೊಂದದ್ದೂ ಗಾಳಿ ತಳ್ಳಿದ ನೀರು ಎಂಬುದನ್ನು ಮರೆಯಬೇಡ. ಇಷ್ಟು ಹೇಳಿ ನಾನು ನಿನ್ನ ಪಕ್ಷವನ್ನೇ ವಹಿಸುತ್ತೇನೆ. 1998ಕ್ಕೂ 2023ಕ್ಕೂ ನಡುವೆ ಆದದ್ದು ಈ ದೇಶ ಹೆಮ್ಮೆ ಪಡಬೇಕಾದ ಕೆಲಸ. ಬಿಪೊರ್‌ಜಾಯ್ ಹತ್ತು ದಿನಕ್ಕೂ ಹೆಚ್ಚು ಕಾಲ ಸಮುದ್ರದ ಮೇಲೆ ಅಲೆದಾಡಿತು. ಅದರ ದಾರಿಯನ್ನು ದಿನದಿನವೂ ಹೇಳಿದರು, ಒಂದು ಲಕ್ಷದಷ್ಟು ಜನರನ್ನು ದಡದಿಂದ ಎಬ್ಬಿಸಿ ಕರೆದೊಯ್ದರು, ದಡ ದಾಟಿದ ಮೇಲೆ ಗುಜರಾತಿನಲ್ಲಿ ಸಾವಿನ ಸುದ್ದಿ ಇಲ್ಲವೆಂಬಷ್ಟಾಯಿತು. ಕಾಂಡ್ಲಾದಲ್ಲಿ ಸಾವಿರ ಜನ ಸತ್ತ ಅದೇ ಕರಾವಳಿಯಲ್ಲಿ! ಹೆಸರಿಡುವ ಪದ್ಧತಿ 2004ರಲ್ಲಿ ಇಲ್ಲಿ ಆರಂಭವಾಯಿತು, ಜನರ ಬಾಯಲ್ಲಿ ನಿಲ್ಲುವಂತೆ ಎಚ್ಚರಿಕೆ ಕೊಡುವುದಕ್ಕೆ ಅದು ದೊಡ್ಡ ಸಹಾಯ ಮಾಡಿತು. ಗಾಳಿಗೆ ಇದನ್ನು ಮಾಡಿ ತೋರಿಸಿದವರು ನದಿಗೂ ಮಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದರಿಂದಲೇ ಕೇಳುತ್ತಿದ್ದೇನೆ. ಕಚ್ಛದ ಮೀನುಗಾರನಿಗೆ ಮೂರು ದಿನ ಮುಂಚೆ ಸಿಗುವ ಎಚ್ಚರಿಕೆ ವಡೋದರಾದ ತಗ್ಗಿನಲ್ಲಿರುವವನಿಗೆ ಏಕೆ ಸಿಗಬಾರದು? 1998ರಿಂದ ಕಲಿತದ್ದನ್ನು ಅರ್ಧಕ್ಕೇ ನಿಲ್ಲಿಸಿದ್ದೇವೆ.

ಕಿರಿಯಳು: ಎಚ್ಚರಿಕೆ ಹೆಚ್ಚಾದಷ್ಟೂ ಬೆಲೆ ಕಡಿಮೆ, ಅದೂ ಇದೆ. 2019ರಲ್ಲಿ ವಾಯು ಬರುತ್ತದೆ ಎಂದು ಸುಮಾರು ಮೂರು ಲಕ್ಷ ಜನರನ್ನು ಸ್ಥಳಾಂತರಿಸಿದರು, ಅದು ತಿರುಗಿ ಹೋಯಿತು. ನವೆಂಬರಿನಲ್ಲಿ ಮಹಾ ಎಂದರು, ಅದೂ ಬರಲಿಲ್ಲ. ಇನ್ನು ಪ್ರತಿ ಮಳೆಗಾಲ ಬರುವ ಅಷ್ಟೂ ಕುಸಿತಕ್ಕೆ ಹೆಸರಿಟ್ಟು ಡಂಗುರ ಸಾರಿದರೆ ಜನ ಕೇಳುವುದನ್ನೇ ಬಿಡುತ್ತಾರೆ.

ಹಿರಿಯರು: ಕುಸಿತಕ್ಕೆ ಹೆಸರಿಡಿ ಎಂದು ನಾನು ಕೇಳಿಲ್ಲ. ಹೆಸರು ಆಕಾಶದ ವಸ್ತುವಿಗೆ, ನನಗೆ ಬೇಕಾದದ್ದು ನೆಲದ ಮೇಲಿನ ಸಂಖ್ಯೆ. ಯಾವ ನದಿ, ಯಾವ ಹೊತ್ತಿಗೆ, ಯಾವ ಬೀದಿಯವರೆಗೆ. ವಾಯು ತಿರುಗಿ ಹೋದಾಗ ಜನ ಬೇಸರಪಟ್ಟದ್ದು ನಿಜ. ಆದರೆ ವೆರಾವಳದಿಂದ ದೂರ ಸರಿದದ್ದು ಕೊನೆಯ ಗಳಿಗೆಯಲ್ಲಿ, ಆ ಮೂರು ಲಕ್ಷ ಜನರನ್ನು ದಡದಲ್ಲೇ ಬಿಟ್ಟು ಕಾದು ನೋಡಿ ಎನ್ನುವ ಧೈರ್ಯ ಯಾರಿಗಿದೆ? ಬೇಸರ ಹುಟ್ಟುವುದು ಎಚ್ಚರಿಕೆ ಹೆಚ್ಚಾದದ್ದರಿಂದಲ್ಲ, ಅದು ಅಸ್ಪಷ್ಟವಾಗಿರುವುದರಿಂದ. ದಕ್ಷಿಣ ಗುಜರಾತಿನಲ್ಲಿ ಭಾರಿಯಿಂದ ಅತಿ ಭಾರಿ ಮಳೆ ಎಂದರೆ ಅಡಾಜಣ್‌ನವನು ಏನು ಮಾಡಬೇಕು? ಕೊಡೆ ತೆಗೆದುಕೊಳ್ಳುತ್ತಾನೆ. ಉಕಾಯಿಯಿಂದ ನಾಳೆ ಇಷ್ಟು ಲಕ್ಷ ಕ್ಯೂಸೆಕ್ ಬರುತ್ತದೆ, ಭರತ ಇಷ್ಟು ಹೊತ್ತಿಗೆ, ನಿಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು ಎಂದರೆ ಅವನು ಕಾರನ್ನು ನೆಲಮಾಳಿಗೆಯಿಂದ ಹೊರಗೆ ತೆಗೆಯುತ್ತಾನೆ, ಅಮ್ಮನ ಔಷಧಿಯನ್ನು ಮೇಲಿನ ಮಹಡಿಗೆ ಒಯ್ಯುತ್ತಾನೆ. ಇದು ಆಗದ ಮಾತಲ್ಲ. 2006ರ ನಂತರ ಸೂರತ್ ಮಹಾನಗರಪಾಲಿಕೆ, ಸೂರತ್ ಕ್ಲೈಮೇಟ್ ಚೇಂಜ್ ಟ್ರಸ್ಟ್ ಸೇರಿ ಮೇಲ್ಕಣಿವೆಯ ಮಳೆಯಿಂದ ಹಿಡಿದು ಊರಿನ ಬೀದಿಯವರೆಗೆ ಒಂದೇ ಸರಪಳಿಯ ಮುನ್ನೆಚ್ಚರಿಕೆ ವ್ಯವಸ್ಥೆಗೆ ಕೈ ಹಾಕಿದರು. ದೇಶದ ಬೇರೆ ಊರುಗಳಿಗಿಂತ ಸೂರತ್ ಈ ವಿಷಯದಲ್ಲಿ ಮುಂದಿದೆ ಎಂದು ಮನಸಾರೆ ಹೇಳಬಹುದು. ಆದರೆ ಅದು ನೋಡುವುದು ತಾಪಿಯನ್ನು. ಊರಿನ ಪೂರ್ವದ ಲಿಂಬಾಯತ್ ಕಡೆ ಖಾಡಿ ಎಂದು ಕರೆಯುವ ತೊರೆಗಳ ನೆರೆ ಪ್ರತಿ ದೊಡ್ಡ ಮಳೆಗೂ ಬರುತ್ತದೆ, ಅಲ್ಲಿರುವವರು ಹೆಚ್ಚಿನಂಶ ಹೊರಗಿನಿಂದ ಬಂದ ಬಟ್ಟೆಗಿರಣಿಯ ಕೆಲಸಗಾರರು. ಖಾಡಿಗೆ ಅಣೆಕಟ್ಟಿಲ್ಲ, ಬಿಡುವ ನೀರಿನ ಲೆಕ್ಕವಿಲ್ಲ, ಹಾಗಾಗಿ ಹೊತ್ತು ಹೇಳುವವರೂ ಕಡಿಮೆ.

ಕಿರಿಯಳು: ಕೊನೆಯದಾಗಿ ಒಂದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೆ ಹಿಂದಿನ ಎರಡು ದಶಕಗಳಿಗೆ ಹೋಲಿಸಿದರೆ 2001ರಿಂದ 2019ರ ನಡುವೆ ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇ. 52 ಹೆಚ್ಚಿದೆ, ಬಂಗಾಳ ಕೊಲ್ಲಿಯಲ್ಲಿ ಶೇ. 8 ಕಡಿಮೆಯಾಗಿದೆ. ಅರಬ್ಬಿ ಸಮುದ್ರದ ಅತಿ ತೀವ್ರ ಚಂಡಮಾರುತಗಳು ಶೇ. 150 ಹೆಚ್ಚಿವೆ. ಸಮುದ್ರ ಕಾಯುತ್ತಿದೆ. ಇಂಥ ಕಾಲದಲ್ಲಿ ಸಂಖ್ಯೆ ಮುಖ್ಯವಲ್ಲ ಎಂದರೆ ಹೇಗೆ?

ಹಿರಿಯರು: ಸಂಖ್ಯೆ ಮುಖ್ಯ. ಸಾಲದು ಎಂಬುದಷ್ಟೇ ನನ್ನ ಮಾತು. ಸಮುದ್ರ ಕಾದರೆ ಚಂಡಮಾರುತ ಮಾತ್ರ ಬಲಿಯುವುದಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಆ ತೇವ ಹೆಸರಿರುವ ಸುಳಿಗೂ ಸಿಗುತ್ತದೆ, ಇಲ್ಲದ ಸುಳಿಗೂ ಸಿಗುತ್ತದೆ. 31 ಕಿ.ಮೀ. ವೇಗದ ಕುಸಿತ ಇಪ್ಪತ್ತು ವರ್ಷದ ಹಿಂದಿನ ತನ್ನಂಥದೇ ಕುಸಿತಕ್ಕಿಂತ ಹೆಚ್ಚು ನೀರು ಸುರಿಯಬಹುದು, ಗಾಳಿಯ ಏಣಿಯಲ್ಲಿ ಮಾತ್ರ ಅದೇ ಕೆಳಗಿನ ಮೆಟ್ಟಿಲಲ್ಲಿ ಕೂತಿರುತ್ತದೆ. ಸಮುದ್ರದ ಮಟ್ಟ ಏರಿದಷ್ಟೂ ಭರತ ತಾಪಿಯನ್ನು ಇನ್ನಷ್ಟು ಹೊತ್ತು ತಡೆಯುತ್ತದೆ. ನಿನ್ನ ಆ ಶೇ. 52 ನನ್ನ ವಾದಕ್ಕೆ ವಿರುದ್ಧವಲ್ಲ, ಅದರ ಒಂದು ಭಾಗ. ಹವಾಮಾನ ಇಲಾಖೆಯವರು ವರ್ಷದ ಕೊನೆಯಲ್ಲಿ ಇಷ್ಟು ಚಂಡಮಾರುತ, ಇಷ್ಟು ತೀವ್ರ, ಇಷ್ಟು ಅತಿ ತೀವ್ರ ಎಂದು ಪಟ್ಟಿ ಕೊಡುತ್ತಾರೆ. ಅದರ ಪಕ್ಕದಲ್ಲೇ ಆ ವರ್ಷದ ಪ್ರತಿ ಸುಳಿ, ಹೆಸರಿರಲಿ ಇಲ್ಲದಿರಲಿ, ಯಾವ ಜಲಾನಯನದ ಮೇಲೆ ಎಷ್ಟು ನೀರು ಸುರಿಯಿತು, ಯಾವ ಊರಿನ ನದಿ ಅಪಾಯದ ಗುರುತನ್ನು ಎಷ್ಟು ಹೊತ್ತು ಮೀರಿತ್ತು ಎಂಬ ಎರಡನೆಯ ಪಟ್ಟಿ ಬರಲಿ. ಆಗ 2019ರ ಪುಟದಲ್ಲಿ ಕ್ಯಾರ್‌ಗಿಂತ ಮೇಲೆ ಬೆಳಗಾವಿಯ ಆಗಸ್ಟ್ ಇರುತ್ತದೆ, 2024ರ ಪುಟದಲ್ಲಿ ಅಸ್ನಾದ ಜಾಗದಲ್ಲಿ ವಡೋದರಾ ಇರುತ್ತದೆ.

ಕಿರಿಯಳು: ಇಲಾಖೆ ಮಾಡುವವರೆಗೆ ಕಾಯಬೇಕೇ?

ಹಿರಿಯರು: ಬೇಡ. ಮಳೆಗಾಲಕ್ಕೆ ಮುಂಚೆ ಪ್ರತಿ ಸೊಸೈಟಿಯವರು ಮಾಡಬಹುದಾದ ಕೆಲಸಗಳಿವೆ. 2006ರ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಗೋಡೆಯ ಮೇಲೆ ಅಳಿಸದ ಬಣ್ಣದಲ್ಲಿ ಗೆರೆ ಎಳೆಯಿರಿ, ಆಮೇಲೆ ಬಂದ ಬಾಡಿಗೆದಾರರಿಗೆ ಅದು ಗೊತ್ತಿರುವುದಿಲ್ಲ. ಉಕಾಯಿಯಿಂದ ಎಷ್ಟು ಕ್ಯೂಸೆಕ್ ಬಿಟ್ಟರೆ ನಿಮ್ಮ ಗೇಟಿಗೆ ನೀರು ಬರುತ್ತದೆ ಎಂದು ಪಾಲಿಕೆಯ ವಲಯ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಉತ್ತರವನ್ನು ಲಿಫ್ಟಿನ ಪಕ್ಕ ಅಂಟಿಸಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಪ್ರತಿ ಹುಣ್ಣಿಮೆ, ಅಮಾವಾಸ್ಯೆಯ ಹಿಂದಿನ ಮುಂದಿನ ಮೂರು ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಆ ದಿನಗಳಲ್ಲಿ ಉಕಾಯಿಯ ನೀರು ಅದರ ಪೂರ್ಣ ಮಟ್ಟವಾದ 345 ಅಡಿಗೆ ಎಷ್ಟು ಹತ್ತಿರವಿದೆ ಎಂದು ನೋಡಿ. ಜನರೇಟರ್ ನೆಲಮಾಳಿಗೆಯಲ್ಲಿದ್ದರೆ ಈ ವರ್ಷವೇ ಮೇಲಕ್ಕೆ ತನ್ನಿ. ಟಿವಿಯಲ್ಲಿ ಹೆಸರು ಬರುವವರೆಗೆ ಕಾಯಬೇಡಿ.